ಯಾವಾಗ ನಿಂತಿತು ಅಂತ ಮೊದಲು ಕೇಳಿ

(ಕಾರವಾರದಲ್ಲಿ ಪ್ಲಾಂಟ್ ಆಪರೇಟರುಗಳು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಜುಲೈ ತಿಂಗಳು, ರಾತ್ರಿ ಹನ್ನೊಂದೂವರೆ. ಹೊರಗೆ ಮಳೆ ಹೊಯ್ಯುತ್ತಿದೆ. ಫೋನ್ ಬರುತ್ತದೆ. “ಸರ್, ಘಟ್ಟದ ಮೇಲಿನ ಕಲೆಕ್ಟರ್ ಕೆಂಪಾಗಿದೆ.” ಈ ಕಲೆಕ್ಟರ್ ಜಿಲ್ಲಾಧಿಕಾರಿ ಅಲ್ಲ, ಪ್ಲಾಂಟಿನ ಅಂಕಿಗಳನ್ನು ಸರ್ವರಿಗೆ ಕಳಿಸುವ ಪ್ರೋಗ್ರಾಮು. ಪರದೆಯಲ್ಲಿ ಕೆಂಪಾಯಿತು ಅಂದರೆ ಅದರಿಂದ ಅಂಕಿ ಬರುತ್ತಿಲ್ಲ ಅಂತ. ನಾನು ಕೇಳುತ್ತೇನೆ, “ಯಾವಾಗ ನಿಂತಿತು?” ಆ ಕಡೆಯಿಂದ ಉತ್ತರ, “ಈಗ ನೋಡಿದೆ ಸರ್.”

ಈಗ ನೋಡಿದ್ದು ಬೇರೆ, ಈಗ ನಿಂತದ್ದು ಬೇರೆ ಅಲ್ವಾ? ನಿಂತ ಹೊತ್ತು ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ಕೇಳದೆ ವೈರು ಕಿತ್ತು ಹಾಕಿ, ರೂಟರ್ ಆಫ್ ಮಾಡಿ ಆನ್ ಮಾಡಿ, ಬೆಳಗು ಹರಿಸಿದವರನ್ನು ನೋಡಿದ್ದೇನೆ. ನಾನೂ ಅವರಲ್ಲೊಬ್ಬ. ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಹುಡುಗರು ಇದ್ದೀರಿ, ಹಾಗಾಗಿ ಯಾವುದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಕುಡಿಯುವ ನೀರಿನ ಯೋಜನೆ ಅಂದುಕೊಳ್ಳಿ. ಹೊಳೆ ದಂಡೆಯಲ್ಲಿ ಜಾಕ್‌ವೆಲ್, ಅಂದರೆ ಹೊಳೆ ನೀರು ಎತ್ತುವ ಬಾವಿ, ಅಲ್ಲಿ ಪಂಪು. ಗುಡ್ಡದ ಮೇಲೆ ನೀರು ಶುದ್ಧ ಮಾಡುವ ಘಟಕ. ಊರೂರಲ್ಲಿ ಓವರ್‌ಹೆಡ್ ಟ್ಯಾಂಕು. ಪ್ರತಿ ಜಾಗದಲ್ಲೂ ಒಂದು ಪಿಎಲ್‌ಸಿ ಇರುತ್ತದೆ, ಅಂದರೆ ಪಂಪು ವಾಲ್ವುಗಳನ್ನು ನಡೆಸುವ ನಿಯಂತ್ರಣ ಪೆಟ್ಟಿಗೆ. ಪಂಪಿನ ಕರೆಂಟು, ವೋಲ್ಟೇಜು, ಟ್ಯಾಂಕಿನ ಮಟ್ಟ, ಪೈಪಿನ ಒತ್ತಡ ಎಲ್ಲ ಅದಕ್ಕೆ ಗೊತ್ತು. ಆದರೆ ಅದರ ಕಣ್ಣೆಲ್ಲ ಈ ಕ್ಷಣದ ಮೇಲೆ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ಅದರ ಪಕ್ಕದಲ್ಲಿ ಒಂದು ಸಣ್ಣ ಕಂಪ್ಯೂಟರ್. ಅದರಲ್ಲಿ ಓಡುವ ಪ್ರೋಗ್ರಾಮೇ ಕಲೆಕ್ಟರ್. ಅದು ಐದು ಸೆಕೆಂಡಿಗೊಮ್ಮೆಯೋ ಹತ್ತು ಸೆಕೆಂಡಿಗೊಮ್ಮೆಯೋ ಪಿಎಲ್‌ಸಿಯನ್ನು ಕೇಳುತ್ತದೆ. ಬಂದ ಅಂಕಿಗೆ ಸಮಯದ ಮುದ್ರೆ ಒತ್ತಿ ಕಾರವಾರದಲ್ಲಿರುವ ಸರ್ವರಿಗೆ ಕಳಿಸುತ್ತದೆ. ಆ ಸರ್ವರಿಗೆ ಹಿಸ್ಟೋರಿಯನ್ ಅಂತ ಹೆಸರು. ಇತಿಹಾಸಕಾರ ಅಂದರೆ ಸ್ವಲ್ಪ ದೊಡ್ಡ ಮಾತಾಯಿತು. ಪ್ಲಾಂಟಿನ ಶಾನುಭೋಗ ಅನ್ನಿ, ಸಾಕು.

ನಮ್ಮ ಜಿಲ್ಲೆಯಲ್ಲಿ ಇಂಥ ಲೆಕ್ಕ ಬೇಕಾದ ಜಾಗಗಳಿಗೆ ಬರವಿಲ್ಲ. ಕಾಳಿ ನದಿಯೊಂದರಲ್ಲೇ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಅಣೆಕಟ್ಟುಗಳಿವೆ. ಕೈಗಾ ಇದೆ. ಬಂದರಿನ ಹತ್ತಿರ ಐಸ್ ಪ್ಲಾಂಟುಗಳಿವೆ. 2019ರ ಆಗಸ್ಟ್‌ನಲ್ಲಿ ಕಾಳಿ ದಂಡೆಗೆ ನೆರೆ ಬಂತಲ್ಲ, ಆಗ ಇಲ್ಲಿದ್ದವರಿಗೆ ಗೊತ್ತು. ಒಂದು ಗಂಟೆ ಹಿಂದೆ ನೀರು ಎಷ್ಟಿತ್ತು, ಈಗ ಎಷ್ಟಿದೆ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಸರಿ. ದಾರಿ ಕಡಿದರೆ ಏನಾಗುತ್ತದೆ? ಘಟ್ಟದ ಊರುಗಳಲ್ಲಿ ಹಳ್ಳಕ್ಕೆ ಸಂಕ, ಅಂದರೆ ಕಾಲುಸೇತುವೆ, ಹಾಕಿಕೊಂಡು ಓಡಾಡುವ ಮನೆಗಳಿವೆ. ಆಷಾಢದಲ್ಲಿ ಹಳ್ಳ ಏರಿತು ಅಂದರೆ ಸಂಕ ದಾಟುವ ಹಾಗಿಲ್ಲ. ಆಗ ಅಡಿಕೆ ಚೀಲ ಅಟ್ಟದ ಮೇಲೇ ಇರುತ್ತದೆ. ನೀರು ಇಳಿದ ಮೇಲೆ ಶಿರಸಿ ಪೇಟೆಗೆ ಹೋಗುತ್ತದೆ. ಕಲೆಕ್ಟರಿಗೂ ಹೀಗೇ ಒಂದು ಅಟ್ಟ ಇದೆ. ಅದಕ್ಕೆ ಬಫರ್ ಅನ್ನುತ್ತಾರೆ. ಸರ್ವರ್ ಸಿಗದಿದ್ದಾಗ ಅಂಕಿಗಳನ್ನು ತನ್ನ ಡಿಸ್ಕಿನಲ್ಲೇ ಕೂಡಿಡುತ್ತದೆ. ಸಿಕ್ಕಿದ ಮೇಲೆ ಹಳೆಯದರಿಂದ ಶುರು ಮಾಡಿ ಕಳಿಸುತ್ತದೆ. ಆದ್ದರಿಂದ ಕೆಂಪು ಕಂಡ ಕೂಡಲೇ ಡೇಟಾ ಹೋಯಿತು ಅಂತ ಗಾಬರಿ ಬೇಡ. ಸಂಕ ಹೋಗಿರಬಹುದು, ಅಟ್ಟ ಇದೆ.

ಆದರೆ ಇಲ್ಲಿ ಒಂದು ಕೊಕ್ಕೆ ಇದೆ. ಕಲೆಕ್ಟರಿಗೆ ಎರಡು ದಾರಿ. ಒಂದು ಪಿಎಲ್‌ಸಿ ಕಡೆಗೆ, ಇನ್ನೊಂದು ಸರ್ವರ್ ಕಡೆಗೆ. ಸರ್ವರ್ ಕಡೆಯದು ಕಡಿದರೆ ಅಟ್ಟ ಕಾಪಾಡುತ್ತದೆ. ಪಿಎಲ್‌ಸಿ ಕಡೆಯದು ಕಡಿದರೆ? ತೋಟದಿಂದ ಅಡಿಕೆ ಕೊನೆಯೇ ಇಳಿಯದಿದ್ದರೆ ಅಟ್ಟಕ್ಕೆ ಏರಿಸುವುದು ಏನನ್ನು? ಆ ಹೊತ್ತಿನ ಲೆಕ್ಕ ಹೋದದ್ದು ಹೋದದ್ದೇ. ಹಾಗಾಗಿ ರಾತ್ರಿ ಹನ್ನೊಂದೂವರೆಗೆ ಘಟ್ಟ ಹತ್ತಬೇಕೋ, ಬೆಳಿಗ್ಗೆ ಚಾ ಕುಡಿದು ಹೋದರೆ ಸಾಕೋ ಅನ್ನುವುದು ಯಾವ ದಾರಿ ಕಡಿದಿದೆ ಅನ್ನುವುದರ ಮೇಲೆ ನಿಂತಿದೆ. ಸರ್ವರಿನ ಪರದೆ ಎರಡಕ್ಕೂ ಒಂದೇ ಥರ ಖಾಲಿ ಗೆರೆ ತೋರಿಸಬಹುದು. ಕಲೆಕ್ಟರಿನ ಲಾಗ್ ಫೈಲು ಮಾತ್ರ ಸರಿಯಾಗಿ ಹೇಳುತ್ತದೆ. ಅದು ಕಲೆಕ್ಟರಿನ ಡೈರಿ. ಸರ್ವರ್ ಜೊತೆ ಮಾತು ಕಡಿದದ್ದು ಎಷ್ಟು ಹೊತ್ತಿಗೆ, ಬಫರಿಗೆ ಬರೆಯಲು ಶುರು ಮಾಡಿದ್ದು ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿ ಇರುತ್ತದೆ. ಓದುವವರು ಬೇಕು ಅಷ್ಟೇ.

ಈಗ ರೀಸ್ಟಾರ್ಟ್ ವಿಷಯಕ್ಕೆ ಬರೋಣ. ಇದರಲ್ಲಿ ನನಗೆ ಸ್ವಲ್ಪ ಸಿಟ್ಟು ಜಾಸ್ತಿ. ಏನೇ ಆಗಲಿ, ಮೊದಲು ರೀಸ್ಟಾರ್ಟ್ ಮಾಡಿ ನೋಡುವುದು ನಮ್ಮಲ್ಲಿ ಚಟವಾಗಿದೆ. ಒಂದು ಸಲ ಹೀಗಾಯಿತು. ಒಂದು ಕಲೆಕ್ಟರ್ ಆಗಾಗ ಕಡಿಯುತ್ತಿತ್ತು, ಮತ್ತೆ ತಾನೇ ಸೇರಿಕೊಳ್ಳುತ್ತಿತ್ತು. ಕಿರಿಕಿರಿ ಅಂತ ಅಲ್ಲಿದ್ದ ಹುಡುಗ ಸರ್ವಿಸ್, ಅಂದರೆ ಪರದೆಯ ಹಿಂದೆ ಸದಾ ಓಡುವ ಆ ಪ್ರೋಗ್ರಾಮನ್ನು, ರೀಸ್ಟಾರ್ಟ್ ಮಾಡಿದ. ಸರ್ವಿಸ್ ನಿಂತಿತು. ಮತ್ತೆ ಏಳಲೇ ಇಲ್ಲ. ಎಂತ ಆಗಿತ್ತು ಅಂದರೆ, ಆ ಸರ್ವಿಸ್ ಯಾವ ಅಕೌಂಟಿನ ಹೆಸರಲ್ಲಿ ಓಡುತ್ತಿತ್ತೋ ಅದರ ಪಾಸ್‌ವರ್ಡ್ ತಿಂಗಳ ಹಿಂದೆಯೇ ಬದಲಾಗಿತ್ತು. ವಿಂಡೋಸ್‌ನಲ್ಲಿ ಓಡುತ್ತಿರುವ ಸರ್ವಿಸನ್ನು ಪಾಸ್‌ವರ್ಡ್ ಬದಲಾಯಿತು ಅಂತ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಹೊರಗೆ ಹೋಗಿ ಮತ್ತೆ ಒಳಗೆ ಬರುವಾಗ ಮಾತ್ರ ಬಾಗಿಲಲ್ಲಿ ತಡೆಯುತ್ತಾರೆ. ಹೊಸ ಪಾಸ್‌ವರ್ಡ್ ಗೊತ್ತಿದ್ದವರು ರಜೆ ಮೇಲೆ ಊರಿಗೆ ಹೋಗಿದ್ದರು. ಆಗಾಗ ಕಡಿಯುತ್ತಿದ್ದದ್ದು ಪೂರ್ತಿ ಎರಡು ದಿನ ಮಲಗಿತು. ಸರ್ವಿಸೇ ಓಡದಿದ್ದರೆ ಅಟ್ಟಕ್ಕೆ ಏರಿಸುವವರೂ ಇಲ್ಲ. ಆ ಎರಡು ದಿನದ ಲೆಕ್ಕ ಇವತ್ತಿಗೂ ಇಲ್ಲ.

ಹಾಗಂತ ರೀಸ್ಟಾರ್ಟ್ ಮಾಡಲೇಬಾರದು ಅಂತಲ್ಲ. ಲಾಗ್ ಕಾಪಿ ಮಾಡಿಟ್ಟು, ಬಫರಿನಲ್ಲಿ ಎಷ್ಟಿದೆ ನೋಡಿ, ಆಮೇಲೆ ಮಾಡಿ.

ಯಾವಾಗ ನಿಂತಿತು ಅಂದ ಮೇಲೆ ನಾನು ಕೇಳುವ ಎರಡನೇ ಮಾತು: ಒಂದೇ ನಿಂತಿತೋ, ಎಲ್ಲವೂ ನಿಂತವೋ? ಹನ್ನೆರಡು ಕಲೆಕ್ಟರ್‌ಗಳಲ್ಲಿ ಒಂದು ನಿಂತರೆ ಆ ಜಾಗಕ್ಕೆ ಹೋಗಿ. ಹನ್ನೆರಡೂ ಒಂದೇ ನಿಮಿಷಕ್ಕೆ ನಿಂತರೆ ಘಟ್ಟ ಹತ್ತುವ ಜೀಪು ತೆಗೆಯಬೇಡಿ, ಸರ್ವರ್ ರೂಮಿಗೆ ನಡೆಯಿರಿ. ಒಮ್ಮೆ ಒಂದು ಕಡೆ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಎಲ್ಲವೂ ಕೆಂಪಾದವು. ಸರ್ವರ್ ಚೆನ್ನಾಗಿ ಓಡುತ್ತಿದೆ. ಸರ್ವರ್ ಮುಂದೆ ಕೂತು ನೋಡಿದರೆ ಎಲ್ಲ ಸರಿ. ಆಮೇಲೆ ಗೊತ್ತಾಯಿತು, ಅದೇ ಹೊತ್ತಿಗೆ ಯಾರೋ ನೆಟ್‌ವರ್ಕ್ ರೂಟರ್ ಬದಲಾಯಿಸಿದ್ದರು. ವಿಂಡೋಸ್ ಇದು ಹೊಸ ನೆಟ್‌ವರ್ಕ್ ಅಂದುಕೊಂಡು ಅದನ್ನು ಪಬ್ಲಿಕ್ ಅಂತ ಗುರುತು ಹಾಕಿಕೊಂಡಿತು. ಕಲೆಕ್ಟರ್‌ಗಳನ್ನು ಒಳಗೆ ಬಿಡುವ ಫೈರ್‌ವಾಲ್ ನಿಯಮ ಪ್ರೈವೇಟ್ ನೆಟ್‌ವರ್ಕಿಗೆ ಮಾತ್ರ ಇತ್ತು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಸರ್ವರ್ ಕೆಟ್ಟಿರಲಿಲ್ಲ, ಕಲೆಕ್ಟರ್ ಕೆಟ್ಟಿರಲಿಲ್ಲ, ಯಾರೂ ಫೈರ್‌ವಾಲ್ ಮುಟ್ಟಿರಲಿಲ್ಲ. ಎರಡು ಗಂಟೆಗೆ ಇಲ್ಲಿ ಯಾರು ಏನು ಮಾಡಿದಿರಿ ಅಂತ ಕೇಳಿದ್ದಕ್ಕೆ ಸಿಕ್ಕಿತು.

ಇನ್ನು ದಾರಿ ಪರೀಕ್ಷೆ ಮಾಡುವುದು. ಎಲ್ಲರೂ ಪಿಂಗ್ ಮಾಡುತ್ತೀರಿ. ಪಿಂಗ್ ಬಂತು, ನೆಟ್‌ವರ್ಕ್ ಸರಿ ಇದೆ ಅನ್ನುತ್ತೀರಿ. ಪಿಂಗ್ ಹೇಳುವುದು ಆ ಮಷಿನ್ ಉತ್ತರ ಕೊಟ್ಟಿತು ಅಂತ ಮಾತ್ರ. ನಮ್ಮ ಸರ್ವಿಸಿನ ಬಾಗಿಲು ತೆರೆದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಎಷ್ಟೋ ಕಡೆ ಪಿಂಗ್ ಅನ್ನೇ ತಡೆದಿರುತ್ತಾರೆ, ಪೋರ್ಟ್ ತೆರೆದಿರುತ್ತದೆ. ಪೋರ್ಟ್ ಅಂದರೆ ಸರ್ವಿಸಿನ ನಂಬರ್ ಇರುವ ಬಾಗಿಲು. ಆದ್ದರಿಂದ ಪೋರ್ಟ್ ಪರೀಕ್ಷೆ ಮಾಡಿ. ಹಿಸ್ಟೋರಿಯನ್ ಸಾಫ್ಟ್‌ವೇರ್ ಪ್ರೊಫಿಸಿ ಆದರೆ 14000, ಪಿಐ ಆದರೆ 5450, ಯಂತ್ರಗಳಿಂದ ಅಂಕಿ ತರುವ ಭಾಷೆಯಾದ ಓಪಿಸಿಯ ಹೊಸ ರೂಪ ಓಪಿಸಿ ಯುಎಗೆ ಸಾಮಾನ್ಯವಾಗಿ 4840. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಅಂತ ಒಂದು ಕಮಾಂಡ್ ಇದೆ. ಸರ್ವರ್ ಹೆಸರು, ಪೋರ್ಟ್ ನಂಬರ್ ಕೊಟ್ಟರೆ ಸಿಕ್ಕಿತೋ ಇಲ್ಲವೋ ಹೇಳುತ್ತದೆ. ಪರೀಕ್ಷೆಯನ್ನು ಕಲೆಕ್ಟರ್ ಇರುವ ಮಷಿನ್‌ನಲ್ಲೇ ಕೂತು ಮಾಡಬೇಕು. ನಿಮ್ಮ ಲ್ಯಾಪ್‌ಟಾಪಿನಿಂದ ಮಾಡಿದರೆ ನಿಮ್ಮ ಲ್ಯಾಪ್‌ಟಾಪಿನ ದಾರಿ ಗೊತ್ತಾಗುತ್ತದೆ ಅಷ್ಟೇ.

ಸಿಗದಿದ್ದಾಗಲೂ ಎರಡು ಬಗೆ. ಒಬ್ಬರ ಮನೆಗೆ ಹೋಗುತ್ತೀರಿ. ಪಕ್ಕದ ಮನೆಯವರು ಕೂಡಲೇ “ಅವರು ಮನೆಯಲ್ಲಿ ಇಲ್ಲ ಮಾರಾಯ್ರೆ” ಅನ್ನುತ್ತಾರೆ. ಇದು ರಿಫ್ಯೂಸ್ಡ್. ದಾರಿ ಸರಿ ಇದೆ, ಮನೆಯೂ ಅದೇ, ಒಳಗೆ ಜನ ಇಲ್ಲ. ಹೆಚ್ಚಾಗಿ ಸರ್ವರಿನಲ್ಲಿ ಸರ್ವಿಸ್ ನಿಂತಿದೆ, ಇಲ್ಲವೇ ಬೇರೆ ಪೋರ್ಟಿನಲ್ಲಿ ಕೂತಿದೆ. ಇನ್ನೊಂದು, ಕರೆದು ಕರೆದು ಗಂಟಲು ಒಣಗುತ್ತದೆ, ಎಂತ ಉತ್ತರವೂ ಇಲ್ಲ. ಇದು ಟೈಮ್‌ಔಟ್. ದಾರಿಯಲ್ಲಿ ಎಲ್ಲೋ ಫೈರ್‌ವಾಲ್ ಸುಮ್ನೆ ನುಂಗುತ್ತಿದೆ, ಇಲ್ಲವೇ ನೀವು ಹೋದದ್ದೇ ತಪ್ಪು ವಿಳಾಸಕ್ಕೆ. ಎರಡನೆಯದಾದರೆ ಮಷಿನ್‌ಗಳ ಹೆಸರು ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲನ್ನು ಒಮ್ಮೆ ತೆರೆದು ನೋಡಿ. ಯಾವ ಕಾಲದಲ್ಲೋ ಯಾರೋ ಸರ್ವರಿನ ಹಳೇ ವಿಳಾಸ ಬರೆದಿಟ್ಟಿರುತ್ತಾರೆ. ಸರ್ವರ್ ಮನೆ ಬದಲಾಯಿಸಿದೆ, ಚೀಟಿ ಬದಲಾಗಿಲ್ಲ.

ನಮ್ಮ ಕಡೆಯ ಕಲೆಕ್ಟರ್‌ಗಳು ಜಾಸ್ತಿ ಸಿಮ್ ಕಾರ್ಡಿನ ಮೇಲೆ ಬದುಕುತ್ತವೆ. ಲಾಕ್‌ಡೌನಿನಲ್ಲಿ ನಮ್ಮ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತಿದ್ದರಲ್ಲ, ಛತ್ರಿ ಹಿಡಿದುಕೊಂಡು? ಕಲೆಕ್ಟರಿಗೆ ಗುಡ್ಡ ಹತ್ತಲು ಕಾಲಿಲ್ಲ. ಅದಕ್ಕೆ ಆಂಟೆನಾ ಹತ್ತಿಸಬೇಕು. ಸಿಮ್ಮಿನಲ್ಲಿ ಬರುವ ಐಪಿ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ಅದು ಮೊಬೈಲ್ ಕಂಪನಿಯವರು ಸಾವಿರಾರು ಜನರ ನಡುವೆ ಹಂಚಿದ ಒಳ ವಿಳಾಸ. ಕಲೆಕ್ಟರ್ ಹೊರಗೆ ಹೋಗಿ ಸರ್ವರನ್ನು ಕರೆಯಬಹುದು, ಸರ್ವರ್ ಬಂದು ಕಲೆಕ್ಟರನ್ನು ಕರೆಯಲಾಗದು. ಕರೆಯುವವರು ಯಾರು ಅನ್ನುವುದನ್ನು ಮೊದಲೇ ನೋಡಿಕೊಂಡು ಸಾಫ್ಟ್‌ವೇರ್ ಆರಿಸಬೇಕು. ಎಲ್ಲ ಜೋಡಿಸಿದ ಮೇಲೆ ತಲೆ ಕೆರೆದುಕೊಂಡರೆ ಆಗುವುದಿಲ್ಲ.

ಸಿಮ್ಮಿನ ಇನ್ನೊಂದು ಆಟ ಇದೆ. ಹಗಲು ಚೆನ್ನಾಗಿರುತ್ತದೆ, ರಾತ್ರಿ ಪಂಪು ನಿಂತ ಮೇಲೆ ಕಡಿಯುತ್ತದೆ. ಯಾಕೆ? ಅಂಕಿ ಬದಲಾದರೆ ಮಾತ್ರ ಕಳಿಸು ಅಂತ ಇಟ್ಟಿರುತ್ತೇವೆ. ಪಂಪು ನಿಂತರೆ ಯಾವ ಅಂಕಿಯೂ ಬದಲಾಗುವುದಿಲ್ಲ, ಮಾತೇ ಇಲ್ಲ. ಕೆಲವು ನಿಮಿಷ ಮಾತಿಲ್ಲದ ಕನೆಕ್ಷನನ್ನು ಮೊಬೈಲ್ ನೆಟ್‌ವರ್ಕ್ ಮರೆತುಬಿಡುತ್ತದೆ. ಇದ್ದೀಯಾ ಅಂತ ಕೇಳುವ ಕೀಪ್‌ಅಲೈವ್‌ಗೆ ವಿಂಡೋಸ್ ಮೊದಲೇ ಇಟ್ಟಿರುವ ಅವಧಿ ಎರಡು ಗಂಟೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಲೆಕ್ಟರ್ ಕಳಿಸುವ ಒಂದೊಂದು ಅಂಕಿಯ ಹೆಸರಿಗೆ ಟ್ಯಾಗ್ ಅನ್ನುತ್ತಾರೆ. ಪ್ರತಿ ನಿಮಿಷ ಬದಲಾಗುವ ಒಂದು ಟ್ಯಾಗ್ ಸೇರಿಸಿ, ಸುಮ್ನೆ ಒಂದರಿಂದ ಎಣಿಸುವಂಥದ್ದು. ಅದು ಬರುತ್ತಿದೆ ಅಂದರೆ ಕಲೆಕ್ಟರ್ ಜೀವಂತ ಇದೆ ಅಂತಲೂ ಗೊತ್ತಾಗುತ್ತದೆ.

ವಿಪಿಎನ್, ಅಂದರೆ ಇಂಟರ್‌ನೆಟ್ ಒಳಗೇ ಖಾಸಗಿ ದಾರಿ, ಹಾಕಿದ ಮೇಲೆ ಕನೆಕ್ಟೆಡ್ ಅಂತ ತೋರಿಸುತ್ತದೆ, ಡೇಟಾ ಮಾತ್ರ ಬರುವುದಿಲ್ಲ ಅಂತ ದೂರು ಬಂದರೆ ಪ್ಯಾಕೆಟ್ ಗಾತ್ರ ನೋಡಿ. ಸಂಕದ ಮೇಲೆ ಕೈಬೀಸಿಕೊಂಡು ಹೋಗುವವನು ದಾಟುತ್ತಾನೆ, ದೊಡ್ಡ ಹೊರೆ ಹೊತ್ತವನು ದಾಟುವುದಿಲ್ಲ. ತುಂಡು ಮಾಡಬೇಡ ಅಂತ ಹೇಳಿ 1472 ಬೈಟಿನ ಪಿಂಗ್ ಕಳಿಸಿ. ಹೆಡರಿನ 28 ಸೇರಿ 1500 ಆಗುತ್ತದೆ. ಅದು ದಾಟದಿದ್ದರೆ ಕಡಿಮೆ ಮಾಡುತ್ತಾ ಬನ್ನಿ. ಎಲ್ಲಿ ದಾಟುತ್ತದೋ ಅದಕ್ಕೆ ಹೆಡರಿನ 28 ಸೇರಿಸಿದರೆ ಅದೇ ನಿಮ್ಮ ಸಂಕದ ಅಗಲ. ರೂಟರಿನಲ್ಲಿ ಅಷ್ಟಕ್ಕೇ ಇಳಿಸಿ.

ಗಡಿಯಾರ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡೊಮೇನ್‌ನಲ್ಲಿ, ಅಂದರೆ ಎಲ್ಲರ ಪಾಸ್‌ವರ್ಡ್ ಒಂದೇ ಕಡೆ ನೋಡಿಕೊಳ್ಳುವ ಜಾಲದಲ್ಲಿ, ಲಾಗಿನ್ ಮಾಡುವ ಕೆರ್ಬೆರೋಸ್ ಪದ್ಧತಿಯಲ್ಲಿ ಎರಡೂ ಕಡೆಯ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಬೇರೆ ಇದ್ದರೆ ಒಳಗೆ ಬಿಡುವುದಿಲ್ಲ. ದೂರದ ಕಲೆಕ್ಟರಿನ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದರೆ ನೀವು ಪಾಸ್‌ವರ್ಡ್ ತಪ್ಪು ಅಂದುಕೊಂಡು ಒದ್ದಾಡುತ್ತೀರಿ. ಇನ್ನೊಂದು, ಟೈಮ್‌ಝೋನ್. ಡೇಟಾ ಹೋಗುತ್ತಿದೆ ಅಂತ ಕಲೆಕ್ಟರ್ ಹೇಳುತ್ತದೆ, ಟ್ರೆಂಡಿನಲ್ಲಿ, ಅಂದರೆ ಹೊತ್ತಿನ ಗ್ರಾಫಿನಲ್ಲಿ, ಕಾಣುವುದಿಲ್ಲ. ಐದೂವರೆ ಗಂಟೆ ಹಿಂದೆ ಹೋಗಿ ನೋಡಿ. ಅಲ್ಲಿ ಕೂತಿರುತ್ತದೆ. ಮುಂದಿನ ಹೊತ್ತಿನ ಮುದ್ರೆ ಬಿದ್ದರೆ ಇನ್ನೂ ಕಷ್ಟ. ಇನ್ನೂ ಬಾರದ ಹೊತ್ತಿನ ಲೆಕ್ಕವನ್ನು ಯಾವ ಶಾನುಭೋಗ ಬರೆದುಕೊಳ್ಳುತ್ತಾನೆ? ಎಷ್ಟೋ ಸರ್ವರ್‌ಗಳು ಅದನ್ನು ವಾಪಸ್ ಕಳಿಸುತ್ತವೆ.

ಬುಧವಾರ ಬೆಳಿಗ್ಗೆ ನಿಂತಿತು ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಪ್ಯಾಚ್, ಅಂದರೆ ದೋಷ ತಿದ್ದುವ ಅಪ್‌ಡೇಟ್, ಬಿಡುತ್ತದೆ. ನಮಗದು ಮಂಗಳವಾರ ತಡರಾತ್ರಿ. ಹಳೆಯ ಓಪಿಸಿ ಇಟ್ಟುಕೊಂಡವರಿಗೆ ಈ ಕಥೆ ನೆನಪಿರಬೇಕು. ಆ ಓಪಿಸಿ 1996ರದ್ದು. ಎರಡು ಮಷಿನ್‌ಗಳ ನಡುವೆ ಅದು ಡಿಕಾಮ್ ಅನ್ನುವ ವಿಂಡೋಸ್ ವ್ಯವಸ್ಥೆಯ ಮೇಲೆ ಓಡುತ್ತದೆ. ಮೊದಲು 135ನೇ ಪೋರ್ಟಿನ ಬಾಗಿಲು ತಟ್ಟುತ್ತದೆ, ಆಮೇಲೆ 49152ರಿಂದ 65535ರ ಒಳಗೆ ಯಾವುದೋ ಒಂದು ಬಾಗಿಲಿಗೆ ಬಾ ಅನ್ನುತ್ತಾರೆ. ಫೈರ್‌ವಾಲ್ ನೋಡಿಕೊಳ್ಳುವವರಿಗೆ ಇದನ್ನು ಕೇಳಿದರೇ ಚಳಿಜ್ವರ. ಇದರ ಮೇಲೆ, ಡಿಕಾಮ್‌ನಲ್ಲಿ ಒಂದು ಭದ್ರತಾ ದೋಷ ಸಿಕ್ಕಿ, ಮೈಕ್ರೋಸಾಫ್ಟ್ 2021ರ ಜೂನ್‌ನಲ್ಲಿ ಬಿಗಿ ಮಾಡುವ ಪ್ಯಾಚ್ ಕೊಟ್ಟಿತು. ಆಗ ಬೇಕಾದರೆ ಹಾಕಿಕೊಳ್ಳಿ ಅಂದಿತು. 2022ರ ಜೂನ್ 14ಕ್ಕೆ ತಾನೇ ಹಾಕಿ, ಬೇಡವಾದರೆ ವಿಂಡೋಸ್ ಸೆಟ್ಟಿಂಗ್ ಇರುವ ರಿಜಿಸ್ಟ್ರಿಯಲ್ಲಿ ತೆಗೆಯಿರಿ ಅಂದಿತು. 2023ರ ಮಾರ್ಚ್ 14ಕ್ಕೆ ತೆಗೆಯುವ ದಾರಿಯೂ ಹೋಯಿತು. ಅಂದರೆ ನಮಗೆ ಸುಮಾರು ಎರಡು ವರ್ಷ ಸಮಯ ಇತ್ತು. ನಾವು ಏನು ಮಾಡಿದೆವು? 2022ರಲ್ಲಿ ನಿಂತಾಗ ರಿಜಿಸ್ಟ್ರಿ ತಿದ್ದಿ, ಸರಿ ಆಯಿತು ಅಂತ ಚಾ ಕುಡಿದೆವು. 2023ರಲ್ಲಿ ಅದೇ ಜಾಗದಲ್ಲಿ ಮತ್ತೆ ನಿಂತಿತು. ನಾನು ಬೇರೆಯವರ ಬಗ್ಗೆ ಹೇಳುತ್ತಿಲ್ಲ, ನನ್ನ ಬಗ್ಗೆಯೇ ಹೇಳುತ್ತಿದ್ದೇನೆ.

ಇದು ಅದೇ ತೊಂದರೆ ಅಂತ ತಿಳಿಯುವುದು ಸುಲಭ. ಓಪಿಸಿ ಸರ್ವರ್ (ಪಿಎಲ್‌ಸಿಯಿಂದ ಅಂಕಿ ತೆಗೆದು ಕಲೆಕ್ಟರಿಗೆ ಕೊಡುವ ಪ್ರೋಗ್ರಾಮು, ಕಾರವಾರದ ಸರ್ವರ್ ಅಲ್ಲ) ಇರುವ ಮಷಿನ್‌ನ ಸಿಸ್ಟಮ್ ಲಾಗಿನಲ್ಲಿ 10036 ನಂಬರಿನ ಎಂಟ್ರಿ ಸಾಲಾಗಿ ಬಿದ್ದಿರುತ್ತದೆ. ಯಾವ ವಿಳಾಸದಿಂದ ಬಂದವನನ್ನು ತಡೆದೆ ಅಂತಲೂ ಬರೆದಿರುತ್ತದೆ. ಪರಿಹಾರಕ್ಕೆ ಹೊಸ ಕಲೆಕ್ಟರ್ ಹಾಕಬಹುದು. ನನಗೆ ಇಷ್ಟವಾದದ್ದು ಬೇರೆ. ಕಲೆಕ್ಟರನ್ನೇ ಎತ್ತಿ ಓಪಿಸಿ ಸರ್ವರ್ ಇರುವ ಮಷಿನ್‌ನಲ್ಲಿ ಕೂರಿಸಿ. ಆಗ ಡಿಕಾಮ್ ಮಾತು ಮನೆಯೊಳಗೇ ಮುಗಿಯುತ್ತದೆ. ನೆಟ್‌ವರ್ಕಿನ ಮೇಲೆ ಹೋಗುವುದು ಒಂದೇ ಪೋರ್ಟಿನ ಕನೆಕ್ಷನ್. ಬಫರೂ ಪಿಎಲ್‌ಸಿಯ ಹತ್ತಿರವೇ ಬಂದ ಹಾಗಾಯಿತು.

ಓಪಿಸಿ ಯುಎಗೆ ಹೋದರೆ ಡಿಕಾಮ್ ಕಾಟ ಇಲ್ಲ, ಮಷಿನ್‌ನ ಗುರುತಿನ ಚೀಟಿಯಾದ ಸರ್ಟಿಫಿಕೇಟ್ ಕಾಟ ಇದೆ. ಹೊಸಬರ ಸರ್ಟಿಫಿಕೇಟ್ ಬಂದರೆ ಸರ್ವರ್ ಅದನ್ನು ತಿರಸ್ಕೃತರ ಫೋಲ್ಡರಿಗೆ ಹಾಕಿ ಕೂರುತ್ತದೆ. ಯಾರಾದರೂ ಹೋಗಿ ನಂಬಬಹುದು ಅಂತ ಒಪ್ಪಬೇಕು. ಜೋಡಿಸಿದ ದಿನಕ್ಕೆ ಸರಿಯಾಗಿ ವರ್ಷ ತುಂಬಿದಾಗ ನಿಂತರೆ ಸರ್ಟಿಫಿಕೇಟಿನ ಕೊನೇ ದಿನಾಂಕ ನೋಡಿ.

ಅಟ್ಟಕ್ಕೆ ಎಷ್ಟು ಹಿಡಿಯುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ಯಾರೂ ಹಾಕಿರುವುದಿಲ್ಲ. ಈಗಲೇ ಹಾಕೋಣ. 500 ಟ್ಯಾಗ್, 5 ಸೆಕೆಂಡಿಗೊಮ್ಮೆ. ಸೆಕೆಂಡಿಗೆ 100 ಅಂಕಿ. ಒಂದಕ್ಕೆ 20 ಬೈಟ್ ಅಂತ ಹಿಡಿದರೆ ಸೆಕೆಂಡಿಗೆ 2000 ಬೈಟ್. ಬಫರಿಗೆ 100 ಎಂಬಿ ಮಿತಿ ಇಟ್ಟಿದ್ದರೆ ಹದಿನಾಲ್ಕು ಗಂಟೆಗೆ ತುಂಬಿತು. ನಮ್ಮ ಮಳೆಗೆ ಹದಿನಾಲ್ಕು ಗಂಟೆ ಯಾವ ಲೆಕ್ಕ? ಘಟ್ಟದಲ್ಲಿ ಮರ ಬಿದ್ದರೆ ಲೈನ್ ಬರುವುದಕ್ಕೇ ಮೂರು ದಿನ ಬೇಕು. ಮಿತಿಯನ್ನು ನಿಮ್ಮ ಊರಿನ ಮಳೆ ನೋಡಿ ಇಡಿ.

ದಾರಿ ಬಂದ ಮೇಲೂ ತಾಳ್ಮೆ ಬೇಕು. ಸಿಮ್ಮಿನ ದಾರಿಯಲ್ಲಿ ಸೆಕೆಂಡಿಗೆ 300 ಅಂಕಿ ಹೋಗುತ್ತದೆ ಅಂದುಕೊಳ್ಳಿ. ಹೊಸದು 100 ಬರುತ್ತಲೇ ಇದೆ. ಹಳೇ ರಾಶಿ ಕರಗುವುದು ಸೆಕೆಂಡಿಗೆ 200ರ ಹಾಗೆ. ಮೂರು ದಿನದ ರಾಶಿಗೆ ಒಂದೂವರೆ ದಿನ. ಅಷ್ಟೂ ಹೊತ್ತು ಪರದೆಯಲ್ಲಿ ಈಗಿನ ಅಂಕಿ ಕಾಣದೆ ಇರಬಹುದು. ಇನ್ನೂ ಬಂದಿಲ್ಲ ಅಂತ ಯಾರೋ ಹೋಗಿ ಬಫರ್ ಫೈಲನ್ನೇ ಅಳಿಸಿದ್ದನ್ನು ನೋಡಿದ್ದೇನೆ. ಅವತ್ತು ನನಗೆ ಊಟ ಸೇರಲಿಲ್ಲ.

ಕರಾವಳಿಯ ಉಪ್ಪು ಗಾಳಿಯ ಬಗ್ಗೆ ಒಂದು ಮಾತು. ಲಾಗಿನಲ್ಲಿ ನಿಮಿಷಕ್ಕೊಮ್ಮೆ ಕಡಿದು ಸೇರಿ ಮಾಡುತ್ತಿದ್ದರೆ ನೆಟ್‌ವರ್ಕ್ ಕೇಬಲ್ಲಿನ ತುದಿ ಬಿಚ್ಚಿ ನೋಡಿ. ಹಸಿರು ಕಿಲುಬು ಹಿಡಿದಿರುತ್ತದೆ. ಆಂಟೆನಾ ಕನೆಕ್ಟರಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿ. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮೊದಲು ಕೆಳಗೆ ಇಳಿಬಿಟ್ಟು ಮೇಲೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಆ ಜುಲೈ ರಾತ್ರಿಯ ಫೋನ್ ಬಾಕಿ ಉಳಿಯಿತು. “ಈಗ ನೋಡಿದೆ ಸರ್” ಅಂದವನಿಗೆ ಲಾಗ್ ತೆರೆಯಲು ಹೇಳಿದೆ. 11 ಗಂಟೆ 2 ನಿಮಿಷಕ್ಕೆ ಕಡಿದಿತ್ತು. 11:06ಕ್ಕೆ ಸೇರಿತ್ತು. 11:20ಕ್ಕೆ ಮತ್ತೆ ಕಡಿದಿತ್ತು. ಹಿಂದಿನ ದಿನ ನೋಡು ಅಂದೆ. ಬೆಳಿಗ್ಗೆ 5:30, ಸಂಜೆ 6:15. ಪ್ರತಿ ಸಲ ನಾಲ್ಕು ನಿಮಿಷ, ಕೆಲವೊಮ್ಮೆ ಜಾಸ್ತಿ. ಮಳೆಗೆ ಸಿಗ್ನಲ್ ಹೋಗುತ್ತಿದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಪಂಪ್‌ಹೌಸಿನಲ್ಲಿ ಆಪರೇಟರ್ ಬರೆಯುವ ಪುಸ್ತಕ ಇರುತ್ತದಲ್ಲ, ಅದನ್ನು ತರಿಸಿದೆ. ಎರಡನೇ ಪಂಪು ಶುರು ಮಾಡಿದ ಹೊತ್ತು ಬರೆದಿತ್ತು. 5:30. 6:15. ಇವತ್ತು 11:02, ಟ್ರಿಪ್ ಆಗಿ ಮತ್ತೆ 11:20.

ಕಲೆಕ್ಟರ್ ಯುಪಿಎಸ್ ಮೇಲಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ರೂಟರಿನ ಪ್ಲಗ್ಗು ಮಾತ್ರ ಗೋಡೆಯ ಸಾಕೆಟ್ಟಿನಲ್ಲಿತ್ತು. ದೊಡ್ಡ ಮೋಟರ್ ಎದ್ದಾಗ ವೋಲ್ಟೇಜ್ ಕುಸಿದು ರೂಟರ್ ಸತ್ತು ಹುಟ್ಟುತ್ತಿತ್ತು. ದಾರಿ ಬಂದ ಮೇಲೆ ಬಫರಿನಿಂದ ಇಳಿದ ಅಂಕಿಗಳನ್ನು ಟ್ರೆಂಡಿನಲ್ಲಿ ಹಾಕಿದೆವು. ವೋಲ್ಟೇಜಿನ ಗೆರೆ 11:02ಕ್ಕೆ ಸರಿಯಾಗಿ ಕೆಳಗೆ ಬಿದ್ದು ಎದ್ದಿತ್ತು. ಮೂರು ವಾರದಿಂದ ದಿನಕ್ಕೆರಡು ಸಲ ಹಾಗೇ ಬಿದ್ದಿತ್ತು. ತಡವಾಗಿ ಬಂದ ಡೇಟಾದಲ್ಲೇ ಎಲ್ಲ ಬರೆದಿತ್ತು, ನಾವು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಆಪರೇಟರಿಗೆ ಫೋನ್ ಮಾಡಿ ರೂಟರಿನ ಪ್ಲಗ್ಗು ಯುಪಿಎಸ್‌ಗೆ ಹಾಕಿಸಿದೆ. ಸಂಜೆ 6:15ಕ್ಕೆ ಇಲ್ಲಿ ಪರದೆ ಮುಂದೆ ಕೂತಿದ್ದೆವು. ಪಂಪು ಎದ್ದಿತು. ವೋಲ್ಟೇಜ್ ಬಿದ್ದದ್ದು ಆ ಕ್ಷಣಕ್ಕೇ ಕಂಡಿತು.